ಮರಳಿ ಬಂದ ರೀಲು

‘ರೀಲು’ ಎಂದೊಡನೆ ನಿಮ್ಮ ಮನೆಯ ಮಕ್ಕಳಿಗೆ ನೆನಪಾಗುವುದು ಮೊಬೈಲಿನಲ್ಲಿ ಸರಿದುಹೋಗುವ ಅರೆನಿಮಿಷದ ದೃಶ್ಯ. ದಾವಣಗೆರೆ, ಹರಿಹರಗಳ ಹಿರಿಯರಿಗಾದರೋ ಅದು 36 ಚಿತ್ರಗಳಿಗೆ ಮುಗಿದುಹೋಗುತ್ತಿದ್ದ, ಸ್ಟುಡಿಯೊಗೆ ಕೊಟ್ಟು ತೊಳೆಸಬೇಕಾಗಿದ್ದ ಫಿಲಂ ಸುರುಳಿ. ಕಾಲ ಮುಗಿಯಿತೆಂದು ಬಹುಮಂದಿ ನಂಬಿದ್ದ ಆ ಹಳೆಯ ರೀಲು ಈಗ ಮರಳಿ ಬಂದಿದೆ.

ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾಗಿ ‘ಇಂದು’ ಎಂಬ ಹೆಸರಿನ ಫಿಲಂ ತಯಾರಿಸುತ್ತಿದ್ದ ಸರ್ಕಾರಿ ಕಾರ್ಖಾನೆ ಮುಚ್ಚಿಹೋಗಿದೆ. ಅಮೆರಿಕದ ಕೊಡಾಕ್ ಸಂಸ್ಥೆ 2012ರಲ್ಲಿ ದಿವಾಳಿಯ ಅಂಚಿಗೆ ಬಂದು ನ್ಯಾಯಾಲಯದ ಮೊರೆಹೊಕ್ಕಿತ್ತು. ಹೀಗಿರುವಾಗ ಜಪಾನಿನ ರಿಕೋ ಸಂಸ್ಥೆಯು 2024ರ ಜೂನ್ ತಿಂಗಳಲ್ಲಿ ‘ಪೆಂಟಾಕ್ಸ್ 17’ ಎಂಬ ಹೊಚ್ಚಹೊಸ ಫಿಲಂ ಕ್ಯಾಮೆರಾವನ್ನು ಹೊರತಂದದ್ದು ಅನೇಕರಿಗೆ ಅಚ್ಚರಿಯೆನಿಸಿತು. ಫಿಲಂ ಎಂದರೇನೆಂದೇ ಅರಿಯದೆ ಬೆಳೆದ ತರುಣರೂ ಅದಕ್ಕೆ ಮನಸೋತರು.

ಈ ಪುಟ್ಟ ಯಂತ್ರವು ಒಂದು ಚಿತ್ರದ ಜಾಗದಲ್ಲಿ ಎರಡನ್ನು ಹಿಡಿಯುತ್ತದೆ. ಆದ್ದರಿಂದ 36 ಚಿತ್ರಗಳ ರೀಲಿನಲ್ಲಿ 72 ಚಿತ್ರಗಳು ಮೂಡುತ್ತವೆ. ಬೆಳಕಿನ ಅಳತೆಯನ್ನು ಅದು ತಾನೇ ನೋಡಿಕೊಂಡರೂ, ಎದುರಿಗಿರುವುದು ಎಷ್ಟು ದೂರದಲ್ಲಿದೆಯೆಂದು ಅಂದಾಜು ಮಾಡಿ ಗುರುತಿಗೆ ತಿರುಗಿಸಬೇಕಾದವರು ನಾವು. ಪ್ರತಿ ಚಿತ್ರದ ಬಳಿಕ ಹೆಬ್ಬೆರಳಿನಿಂದ ರೀಲನ್ನು ಮುಂದಕ್ಕೆ ತಳ್ಳಬೇಕಾದವರೂ ನಾವೇ. ತೆಗೆದದ್ದು ಹೇಗೆ ಬಂದಿದೆಯೆಂದು ಒಡನೆ ನೋಡುವ ಉಪಾಯವಿಲ್ಲ.

ಈ ಕಟ್ಟುಪಾಡಿನಲ್ಲಿ ಒಂದು ಸದ್ಗುಣವುಂಟು. ಹೊಯ್ಸಳರ ಕಾಲದಲ್ಲಿ, 1224ರ ಸುಮಾರಿಗೆ ಕಟ್ಟಲಾದ ಹರಿಹರೇಶ್ವರ ದೇಗುಲದ ಕಂಬಗಳ ಮೇಲೆ ಬಿಸಿಲು ಹೇಗೆ ಜಾರುತ್ತದೆಂಬುದನ್ನು ಫಿಲಂ ಹಾಕಿದವನು ಕಾದು ನೋಡಿಯಾನು. ಮೊಬೈಲು ಹಿಡಿದವನಿಗೆ ಕಾಯುವ ಅಗತ್ಯವೇ ಇಲ್ಲ. ಸೆಪ್ಟೆಂಬರ್ 8ರ ಆರೋಗ್ಯ ಮಾತೆಯ ಹಬ್ಬದಂದು ಹರಿಹರದ ಜನಸಾಗರದಲ್ಲಿ ಮೇಲೆತ್ತಿದ ಮೊಬೈಲುಗಳನ್ನು ನೀವೂ ಕಂಡಿದ್ದೀರಿ. ಅವು ಸೆರೆಹಿಡಿದ ಸಾವಿರಾರು ಚಿತ್ರಗಳಲ್ಲಿ ಮತ್ತೊಮ್ಮೆ ನೋಡಲ್ಪಡುವಂಥವು ಎಷ್ಟು?

ಆದರೂ ಈ ಪುನರಾಗಮನವನ್ನು ಕಣ್ಣುಮುಚ್ಚಿ ಕೊಂಡಾಡಲು ನನಗೆ ಮನಸ್ಸಿಲ್ಲ. ಮೊದಲನೆಯದು ಬೆಲೆ. ಬಿಡುಗಡೆಯ ಹೊತ್ತಿಗೆ ಇದು ಸುಮಾರು 500 ಡಾಲರ್, ಅಂದರೆ ನಮ್ಮ ಹಣದಲ್ಲಿ 40,000 ರೂಪಾಯಿಗೂ ಹೆಚ್ಚು. ಹಿಂದೆ ಬರೋಡಾದಲ್ಲಿ ತಯಾರಾಗುತ್ತಿದ್ದ ‘ಆಗ್ಫಾ ಕ್ಲಿಕ್’ ಒಂದು ರೀಲಿಗೆ 12 ಚಿತ್ರ ಮಾತ್ರ ಕೊಡುತ್ತಿತ್ತು. ಆದರೆ ಸಾಧಾರಣ ಸಂಬಳದ ಮನೆಗಳನ್ನೂ ಅದು ಹೊಕ್ಕಿತ್ತು. ಇಂದಿನ ಫಿಲಂ ಕ್ಯಾಮೆರಾ ಉಳ್ಳವರ ಹವ್ಯಾಸ. ಅಂದು ಬಡತನ ಕಲಿಸಿದ ಮಿತವ್ಯಯವನ್ನು ಇಂದು ದುಡ್ಡು ಕೊಟ್ಟು ಕೊಳ್ಳುವಂತಾಗಿದೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಈ ಹೊಸ ಬಳಕೆದಾರರಲ್ಲಿ ಅನೇಕರು ರೀಲನ್ನು ತೊಳೆಸಿ, ಸ್ಕ್ಯಾನ್ ಮಾಡಿಸಿ, ಚಿತ್ರಗಳನ್ನು ಮೊಬೈಲಿಗೇ ತರಿಸಿಕೊಳ್ಳುತ್ತಾರೆ. ಕಾಗದದ ಪ್ರತಿ ಹಾಕಿಸುವುದಿಲ್ಲ. ಇಷ್ಟೆಲ್ಲ ಕಾದು ತೆಗೆದ ಚಿತ್ರವೂ ಕೊನೆಗೆ ಆ ಸಾವಿರಾರು ಚಿತ್ರಗಳ ರಾಶಿಯನ್ನೇ ಸೇರುತ್ತದೆ. ಯಂತ್ರವೇನೋ ಮರಳಿತು, ಆಲ್ಬಂ ಮರಳಲಿಲ್ಲ.

ಆಲ್ಬಮಿನ ಬೆಲೆ ತಿಳಿಯುವುದು ಮನೆಯಲ್ಲಿ ಸಾವಾದಾಗ. ಅಜ್ಜಿ ತೀರಿಕೊಂಡರೆ ಸ್ಮರಣೆಯ ಕಾರ್ಡಿಗೆ ಒಂದು ಭಾವಚಿತ್ರ ಬೇಕು. ಮಕ್ಕಳು, ಮೊಮ್ಮಕ್ಕಳು ಮೊಬೈಲು ತಡಕಾಡುತ್ತಾರೆ. ಎಲ್ಲೆಲ್ಲೂ ಅಜ್ಜಿ ಯಾರದೋ ಹೆಗಲ ಹಿಂದೆ, ಅರ್ಧ ಮುಖ ಮಾತ್ರ. ಕೊನೆಗೆ ಟ್ರಂಕಿನೊಳಗಿಂದ ಯಾರದೋ ದೀಕ್ಷಾಸ್ನಾನದ ಹಳೆಯ ಫೋಟೊ ಹೊರಬರುತ್ತದೆ. ಹಿಂಬದಿಯಲ್ಲಿ ಪೆನ್ನಿನಿಂದ ಬರೆದ ಹೆಸರು, ಇಸವಿ. ಅದರ ನೆಗೆಟಿವ್ ಉಳಿದಿದ್ದರೆ ಇಂದಿಗೂ ಹೊಸ ಪ್ರತಿ ಹಾಕಿಸಬಹುದು. ಗುಪ್ತಪದ ಮರೆತ ಮೊಬೈಲಿನಿಂದ ಈ ಉಪಕಾರ ನಿರೀಕ್ಷಿಸಬಹುದೇ?

ಕೈಯಲ್ಲಿ ಹಣವಿದ್ದು ಆಸಕ್ತಿಯಿರುವ ತರುಣರು ಫಿಲಂ ಕ್ಯಾಮೆರಾ ಕೊಳ್ಳಲಿ. ಆದರೆ ಪ್ರತಿ ಹಾಕಿಸುವ ಹಣವನ್ನೂ ಜೊತೆಗೇ ಎತ್ತಿಡಲಿ. ಉಳಿದವರಿಗೆ ಇರುವ ಮೊಬೈಲೇ ಸಾಕು. ವರ್ಷದ ಕೊನೆಗೆ ಮನೆಮಂದಿಯೆಲ್ಲ ಕುಳಿತು, ಹಳೆಯ ರೀಲಿನ ಲೆಕ್ಕದಂತೆ 36 ಚಿತ್ರಗಳನ್ನು ಆರಿಸಿರಿ. ಯಾವುದನ್ನು ಬಿಡಬೇಕೆಂಬ ಚರ್ಚೆಯಲ್ಲಿಯೇ ಆ ವರ್ಷ ಮತ್ತೊಮ್ಮೆ ಕಣ್ಮುಂದೆ ಹಾದುಹೋಗುವುದು. ಅನಂತರ ನಿಮ್ಮೂರಿನ ಸ್ಟುಡಿಯೊದಲ್ಲಿ ಪ್ರತಿ ಹಾಕಿಸಿ, ಹಿಂಬದಿಯಲ್ಲಿ ಹೆಸರು, ಊರು, ದಿನಾಂಕ ಬರೆದಿಡಿ. ಅಜ್ಜ, ಅಜ್ಜಿಯರು ಜೊತೆಗಿರುವಾಗಲೇ ಈ ಕೆಲಸ ಆಗಲಿ. ಹಳೆಯ ಚಿತ್ರಗಳಲ್ಲಿರುವ ಮುಖಗಳಿಗೆ ಹೆಸರು ಹೇಳಬಲ್ಲವರು ಅವರೇ.