ಆಟಗಾರನ ಬಲಹೆಬ್ಬೆರಳು ನೋಡಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹುಡುಗರಿಗೆ ಮೊಬೈಲಿನಲ್ಲಿ ಬಿಜಿಎಂಐ ಗೇಮ್ ಆಡೋದನ್ನ ಯಾರೂ ಹೇಳಿಕೊಡಬೇಕಿಲ್ಲ. ಎಡಹೆಬ್ಬೆರಳು ನಡೆಸುತ್ತದೆ, ಬಲಹೆಬ್ಬೆರಳು ನೋಟ ತಿರುಗಿಸುತ್ತದೆ. ಕತೆಯಿರುವ ದೊಡ್ಡ ಗೇಮುಗಳನ್ನು ಸಿನಿಮಾದಂತೆ ಆಡಿ ಯೂಟ್ಯೂಬಿಗೆ ಹಾಕುವವರ ಕಸುಬೂ ಆ ಬಲಹೆಬ್ಬೆರಳಿನಲ್ಲೇ ಇದೆ. ವೈರಿಯನ್ನು ಹುಡುಕಲು ನಾವು ಅದನ್ನು ಸರಕ್ಕನೆ ಎಳೆಯುತ್ತೇವೆ. ಅವರು ನೋಡುವವರ ಕಣ್ಣಿಗೆ ತಕ್ಕಂತೆ ತಿರುಗಿಸುತ್ತಾರೆ.

‘ಗೋಸ್ಟ್ ಆಫ್ ತ್ಸುಶಿಮಾ’ (2020) ತೆಗೆದುಕೊಳ್ಳಿ. ಅದರಲ್ಲಿ ಮೂಲೆಯ ಮ್ಯಾಪ್ ಇಲ್ಲ. ಹೋಗಬೇಕಾದ ಕಡೆಗೆ ಗಾಳಿ ಬೀಸಿ ಹುಲ್ಲು ಬಾಗುತ್ತದೆ. ಒಳ್ಳೆಯ ಆಟಗಾರ ಅಲ್ಲಿ ಕುದುರೆ ನಿಲ್ಲಿಸುತ್ತಾನೆ, ದಿಕ್ಕು ನಿಮಗೂ ತಿಳಿಯಲೆಂದು. ಮನೆಯೊಳಗೆ ಓಡುವುದಿಲ್ಲ, ನಡೆಯುತ್ತಾನೆ. ಕತೆಯಲ್ಲಿ ಹತ್ತಿರದವರು ಸತ್ತ ಮರುಗಳಿಗೆಯೇ ನಾಯಕ ಪೆಟ್ಟಿಗೆ ತಡಕುತ್ತ, ಗೋಡೆಗೆ ಡಿಕ್ಕಿ ಹೊಡೆಯುತ್ತ ತಿರುಗಿದರೆ ಆ ದುಃಖವನ್ನು ಯಾರು ನಂಬಬೇಕು? ಈ ಕಲೆಯಲ್ಲಿ ಆಟಗಾರ ನಟನೂ ಹೌದು, ಕ್ಯಾಮೆರಾಮನ್ನೂ ಹೌದು.

‘ಗಾಡ್ ಆಫ್ ವಾರ್’ (2018) ಇನ್ನೂ ಕಠಿಣ. ಮೊದಲಿನಿಂದ ಕೊನೆಯವರೆಗೆ ಕ್ಯಾಮೆರಾ ಕಟ್ ಆಗದ ಹಾಗೆ ಅದನ್ನು ಕಟ್ಟಿದ್ದಾರೆ. ಆಡುವವನು ನಡುವೆ ಸತ್ತರೆ ಆ ಎಳೆ ಹರಿಯುತ್ತದೆ; ಮತ್ತೆ ಆಡಿ, ಎಡಿಟಿಂಗಿನಲ್ಲಿ ಬೆಸೆಯಬೇಕು. ಆ ಹೊಲಿಗೆ ಕಣ್ಣಿಗೆ ಬೀಳದಿದ್ದರೆ ಮೆಚ್ಚಿಕೊಳ್ಳಿ.

ಪರದೆಯ ಮೇಲೆ ಕೆಳಗೆ ಸಿನಿಮಾದಂತೆ ಕಪ್ಪು ಪಟ್ಟಿ ಬಂದ ಮಾತ್ರಕ್ಕೆ ಮರುಳಾಗಬೇಡಿ. ‘ರೆಡ್ ಡೆಡ್ ರಿಡೆಂಪ್ಶನ್ 2’ರಲ್ಲಿ ಸಿನಿಮಾ ಕ್ಯಾಮೆರಾ ಹಾಕಿ, ಮ್ಯಾಪಿನಲ್ಲಿ ಗುರುತಿಟ್ಟರೆ ಕುದುರೆ ತಾನೇ ದಾರಿ ಹಿಡಿದು ಹೋಗುತ್ತದೆ, ಕೋನಗಳನ್ನು ಗೇಮೇ ಆರಿಸುತ್ತದೆ. ಚೆಂದವೇನೋ ನಿಜ, ಆದರೆ ಆ ಚೆಂದ ಗೇಮಿನದು.

ಕತೆ ಮೊದಲೇ ಗೊತ್ತಿದ್ದರೆ ಏನು ನೋಡುವುದು ಎನ್ನುವವರಿಗೆ: ಶ್ರೀಕೃಷ್ಣ ಪಾರಿಜಾತ ಬಯಲಾಟದ ಕತೆ ಗೊತ್ತಿದ್ದವರೇ ಅಲ್ಲವೇ ಬೆಳತನಕ ಕೂತು ನೋಡೋದು? ಸತ್ಯಭಾಮೆ ಈ ಸಲ ಹೇಗೆ ಮುನಿಯುತ್ತಾಳೆ ಅನ್ನುವುದಕ್ಕೆ ಜನ ಕೂಡುತ್ತಾರೆ.

ಮೊಬೈಲಿನಲ್ಲೇ ನೋಡುವುದಾದರೂ 1080ಪಿ, 60 ಫ್ರೇಮು ಇಟ್ಟುಕೊಳ್ಳಿ. ಕಡಿಮೆ ಕ್ವಾಲಿಟಿಯಲ್ಲಿ ಓಡುವ ಹುಲ್ಲು, ಸುರಿಯುವ ಮಳೆ ಚೌಕಚೌಕವಾಗಿ ಒಡೆಯುತ್ತವೆ. ಇಯರ್‌ಫೋನ್ ಇರಲಿ. ನಡುನಡುವೆ ಮಾತಾಡುವವರ ವಿಡಿಯೊ ಬೇರೆ ಜಾತಿಯದು, ಸದ್ಯಕ್ಕೆ ಬಿಡಿ.

ಶುರುವಿಗೆ ‘ಜರ್ನಿ’ (2012) ಸಾಕು. ಸುಮಾರು ಎರಡು ತಾಸಿನ ಆಟ, ಒಂದೂ ಮಾತಿಲ್ಲ. ಇಂಗ್ಲಿಷ್ ಬರುವುದಿಲ್ಲವೆಂಬ ಅಳುಕು ಬೇಡ. ಇಬ್ಬರು ಬೇರೆಬೇರೆ ಆಡಿದ್ದನ್ನು ಒಂದರ ಹಿಂದೊಂದು ನೋಡಿ. ಹಿಮದ ಬೆಟ್ಟ ಹತ್ತುವಾಗ ಒಬ್ಬ ಮುಂದೆ ಓಡಿಬಿಡುತ್ತಾನೆ. ಇನ್ನೊಬ್ಬ ಕಲ್ಲಿನ ಮರೆಗೆ ನಿಂತು, ಆನ್‌ಲೈನಿನಲ್ಲಿ ಸಿಕ್ಕ, ಹೆಸರೂ ತಿಳಿಯದ ಜೊತೆಗಾರನಿಗೆ ಕಾಯುತ್ತಾನೆ. ಯಾರ ಚಾನೆಲ್ಲಿಗೆ ಸಬ್‌ಸ್ಕ್ರೈಬ್ ಆಗಬೇಕೆಂದು ಅಲ್ಲಿಯೇ ಗೊತ್ತಾಗುತ್ತದೆ.