ಕೆರೆಯ ಹಸುರು, ಮೀನಿನ ಸತ್ತ್ವ

ಮೀನು ಸಾಕುವ ನೀರಿಗೆ ಸಗಣಿಯನ್ನೂ ಸೂಪರ್‌ಫಾಸ್ಫೇಟನ್ನೂ ಸುರಿದು ಅದನ್ನು ಹಸುರಾಗಿಸಿದರೆ ಇಳುವರಿ ಹೆಚ್ಚುವುದೆಂಬ ಪದ್ಧತಿ ನಮ್ಮಲ್ಲಿ ಬೇರೂರಿದೆ. ಅದರ ಗುಣವನ್ನು ಮೊದಲು ಒಪ್ಪಿಕೊಂಡೇ ದೋಷವನ್ನು ವಿಚಾರಿಸುವುದು ನ್ಯಾಯ. ಬಿಸಿಲನ್ನು ಆಹಾರವಾಗಿ ಮಾರ್ಪಡಿಸುವುದು ಪಾಚಿ; ಪಾಚಿಯನ್ನು ನೀರುಚಿಗಟದಂತಹ ಸೂಕ್ಷ್ಮಪ್ರಾಣಿಗಳೂ, ಅವನ್ನು ಕಾಟ್ಲಾ ಮೊದಲಾದ ಮೀನುಗಳೂ, ಮೀನನ್ನು ಕೊಕ್ಕರೆಯೂ ಮನುಷ್ಯನೂ ಉಣ್ಣುವ ಈ ಪಂಕ್ತಿಯಲ್ಲಿ, ಮೊದಲೆಲೆಗೆ ಬಡಿಸಿದಷ್ಟೂ ಕಡೆಯೆಲೆಗೆ ದೊರೆಯುವುದೆಂಬ ತರ್ಕ ಮೇಲ್ನೋಟಕ್ಕೆ ನಿರ್ದುಷ್ಟವಾಗಿಯೇ ಕಾಣುತ್ತದೆ. ಆದರೆ ಈ ತರ್ಕ ಪ್ರಮಾಣವನ್ನಲ್ಲದೆ ಸತ್ತ್ವವನ್ನು ಲೆಕ್ಕಕ್ಕೆ ತಂದುಕೊಂಡಿಲ್ಲ.

ಪಾಚಿಗಳೆಲ್ಲವೂ ಒಂದೇ ಬಗೆಯವಲ್ಲ. ಸಿಲಿಕಾ ಕವಚದ ಡಯಾಟಮ್‌ಗಳಲ್ಲಿ, ಪ್ರಾಣಿಗಳ ಬೆಳವಣಿಗೆಗೂ ಸಂತಾನಕ್ಕೂ ಆವಶ್ಯಕವಾದ ಇ.ಪಿ.ಎ. ಎಂಬ ಒಮೇಗಾ-3 ಮೇದಾಮ್ಲ ಹೇರಳವಾಗಿದೆ. ರಂಜಕ (ಫಾಸ್ಫರಸ್) ಮಿತಿಮೀರಿ, ನೀರು ಬೆಚ್ಚಗಾಗಿ ನಿಶ್ಚಲವಾದಾಗ ಮೇಲುಗೈ ಪಡೆಯುವ ಮೈಕ್ರೋಸಿಸ್ಟಿಸ್‌ನಂತಹ ನೀಲಿಹಸುರು ಪಾಚಿಗಳಲ್ಲಾದರೋ ಅದು ಇಲ್ಲವೆನ್ನುವಷ್ಟು ವಿರಳ. ದೇಹಕೋಶಗಳ ರಚನೆಗೆ ಬೇಕಾದ ಸ್ಟೆರಾಲ್‌ಗಳ ಅವಸ್ಥೆಯೂ ಅದೇ. ಸಾಲದೆಂಬಂತೆ ಅವು ಲೋಳೆಯ ಗುಂಪುಗಳಾಗಿ ಕೂಡಿಕೊಂಡು ಸೂಕ್ಷ್ಮಪ್ರಾಣಿಗಳ ಬಾಯಿಗೆ ನಿಲುಕುವುದಿಲ್ಲ. ಕೆಲವು ತಳಿಗಳು ಯಕೃತ್ತಿಗೆ ಮಾರಕವಾದ ಮೈಕ್ರೋಸಿಸ್ಟಿನ್ ವಿಷವನ್ನೂ ಉತ್ಪಾದಿಸುತ್ತವೆ. ಪಾಚಿಯಿಂದ ನೀರುಚಿಗಟಕ್ಕೆ ಆಹಾರಶಕ್ತಿ ಎಷ್ಟು ಸಮರ್ಥವಾಗಿ ದಾಟುವುದೆಂಬುದನ್ನು ಇ.ಪಿ.ಎ. ಅಂಶವೇ ಸೂಚಿಸುವುದೆಂದು ಮ್ಯುಲರ್-ನವಾರಾ ಮತ್ತು ಸಂಗಡಿಗರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರತಿಪಾದಿಸಿದರು. ಹಾವಸೆ ದಟ್ಟವಾಗಿ ಹಬ್ಬಿದ ಕೆರೆಯಲ್ಲಿ ಉಣಿಸು ತುಂಬಿದ್ದರೂ ಉಣ್ಣುವ ಜೀವಿಗಳು ಸೊರಗುವ ವೈಪರೀತ್ಯಕ್ಕೆ ಕಾರಣ ಇಲ್ಲಿದೆ.

ಈ ಸಿದ್ಧಾಂತವನ್ನೂ ಕಣ್ಣುಮುಚ್ಚಿ ಸ್ವೀಕರಿಸಲಾಗದು. ಇದರ ಆಧಾರಗಳು ಬಹುಮಟ್ಟಿಗೆ ಶೀತದೇಶಗಳ ಸರೋವರಗಳಿಂದ ಬಂದವು. ನಮ್ಮ ರೋಹು ಪಾಚಿಯನ್ನೂ ಗಿಡಗಂಟಿಗಳ ಕೊಳೆಯನ್ನೂ ನೇರವಾಗಿ ತಿನ್ನಬಲ್ಲುದು, ತಿಲಾಪಿಯಾ ನೀಲಿಹಸುರನ್ನೂ ಅರಗಿಸಿಕೊಳ್ಳಬಲ್ಲುದು, ಸಿಹಿನೀರಿನ ಅನೇಕ ಮೀನುಗಳು ಸರಳ ಮೇದಾಮ್ಲಗಳಿಂದ ಸಂಕೀರ್ಣವಾದವನ್ನು ಸ್ವಲ್ಪಮಟ್ಟಿಗೆ ತಾವೇ ನಿರ್ಮಿಸಿಕೊಳ್ಳುತ್ತವೆ. ಆದುದರಿಂದ ಹಸುರು ನೀರಿನಲ್ಲಿ ಮೀನಿನ ತೂಕ ಕುಗ್ಗಿಯೇ ತೀರುವುದೆಂದು ಹೇಳುವಂತಿಲ್ಲ. ತೂಕವೊಂದೇ ಸತ್ತ್ವದ ಸಾಕ್ಷಿಯಾಗಲಾರದೆಂದು ಮಾತ್ರ ನಿಸ್ಸಂಶಯವಾಗಿ ಹೇಳಬಹುದು.

ಯಾದಗಿರಿ ಜಿಲ್ಲೆಗೆ ಈ ವಿಚಾರ ದೂರದ್ದೇನಲ್ಲ. ನಾರಾಯಣಪುರದ ಬಸವಸಾಗರದಿಂದ ಹೊರಟ ಎಡದಂಡೆ ಕಾಲುವೆ ಸುರಪುರ, ಶಹಾಪುರಗಳ ಜೋಳದ ಹೊಲಗಳಲ್ಲಿ ಭತ್ತದ ಗದ್ದೆಗಳನ್ನು ಮೂಡಿಸಿತು. ಗದ್ದೆಯ ಹಿಂದೆಯೇ ಡಿ.ಎ.ಪಿ., ಯೂರಿಯಾಗಳು ಬಂದುವು. ಬೆಳೆ ಹೀರಿ ಉಳಿದ ಗೊಬ್ಬರವನ್ನು ಬಸಿನೀರು ತಗ್ಗಿನ ಹಳ್ಳಕ್ಕೂ ಕೆರೆಗೂ ಒಯ್ಯುವುದು ಸಹಜವೇ ಆಗಿರುವಲ್ಲಿ, ಅಂತಹ ಕೆರೆಗೆ ಮತ್ತೆ ಫಾಸ್ಫೇಟನ್ನು ಸುರಿಯುವುದು ಅವಿವೇಕ. ರಾಜಾ ಪಾಮನಾಯಕನ ಕಾಲದಲ್ಲಿ ನಿರ್ಮಿತವಾಗಿ, ಮುಂದೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನ ಆಸಕ್ತಿಯಿಂದ ಜೀರ್ಣೋದ್ಧಾರಗೊಂಡ ಸುರಪುರ ಸೀಮೆಯ ಬೋನಾಳ ಕೆರೆ ಇಂದು ಪಕ್ಷಿಧಾಮ. ಅಲ್ಲಿಗೆ ಬರುವ ಕೊಕ್ಕರೆ, ನೀರುಕಾಗೆಗಳು ಮರಿಗಳಿಗೆ ಗುಟುಕು ಕೊಡುವುದು ಇದೇ ಪಂಕ್ತಿಯ ಕಡೆಯೆಲೆಯಿಂದ. ಕೆರೆಯ ಯೋಗ್ಯತೆಯನ್ನು ನೀರು ನಿಂತ ಅಡಿಗಳಿಂದಲೂ ಬಲೆಗೆ ಬಿದ್ದ ಕಿಲೋಗಳಿಂದಲೂ ನಿರ್ಣಯಿಸುವ ನಮ್ಮ ಆಡಳಿತದ ಅಳತೆಗೋಲು ಇಲ್ಲಿ ಸೋಲುತ್ತದೆ.

ಕೆರೆಗೆ ಗೊಬ್ಬರ ಸುರಿಯುವುದಕ್ಕೆ ಹೋಲಿಸಿದರೆ, ಬೇಸಗೆಯಲ್ಲಿ ಬತ್ತಿದ ಕೆರೆಯ ಹೂಳನ್ನು ಗಾಡಿಗಳಲ್ಲಿ ಹೇರಿ ಹೊಲಕ್ಕೆ ಸಾಗಿಸುತ್ತಿದ್ದ ಹಿರಿಯರ ಪದ್ಧತಿ ಹೆಚ್ಚು ಶಾಸ್ತ್ರೀಯವಾದುದು. ತಳದ ಆಮ್ಲಜನಕ ತೀರಿದಾಗ ನೀರಿಗೆ ರಂಜಕವನ್ನು ಬಿಟ್ಟುಕೊಡುವುದು ಆ ಹೂಳೇ. ಅದನ್ನು ತೆಗೆಯುವುದರಿಂದ ಕೆರೆಯ ಆಳ ಹೆಚ್ಚುವುದಲ್ಲದೆ ಹಾವಸೆಯ ಮೂಲಧನವೂ ಕರಗಿ, ಹೊಲದ ಸತ್ತ್ವ ಹೊಲಕ್ಕೇ ಹಿಂದಿರುಗುತ್ತದೆ.

ಹಸುರು ನೀರಿನ ಪದ್ಧತಿ ಸಾಕಣೆಯ ಸಣ್ಣ ಹೊಂಡದಲ್ಲಿ, ತೂಕ ತಪ್ಪದ ಕೈಯಲ್ಲಿ ಉಪಯುಕ್ತ. ಕಾಲುವೆಯ ಬಸಿನೀರು ಸೇರುವ ಊರ ಕೆರೆಯಲ್ಲಿ ಅದು ತ್ಯಾಜ್ಯ. ಅಲ್ಲಿ ಮಾಡಬೇಕಾದುದು ಮಣ್ಣು ಪರೀಕ್ಷಿಸಿ ಗೊಬ್ಬರ ಹಾಕುವುದು, ಊರ ಚರಂಡಿಯನ್ನು ಕೆರೆಯಿಂದ ದೂರವಿಡುವುದು, ಅಂಚಿನ ಜೊಂಡನ್ನು ಉಳಿಸುವುದು, ವರ್ಷವರ್ಷವೂ ಹೂಳೆತ್ತುವುದು.