ಕಿಟ್ಟು ಬಿಡಿ, ಕೆಟ್ಟದ್ದು ತನ್ನಿ

ಹ್ಯಾಕರ್‌ಸ್ಪೇಸ್ ಎಂದರೆ ಬ್ಯಾಂಕಿನ ಕಂಪ್ಯೂಟರಿಗೆ ಕನ್ನ ಹಾಕುವವರ ಅಡ್ಡೆಯಲ್ಲ ಎಂಬುದು ಈಗ ಸುಮಾರು ಜನರಿಗೆ ಗೊತ್ತು. ಬಾಡಿಗೆಯ ಒಂದು ಜಾಗ, ನಾಲ್ಕಾರು ಮೇಜು, ಸೋಲ್ಡರಿಂಗ್ ಐರನ್ನುಗಳು, ಯಾರೋ ಕೊಟ್ಟ ಹಳೆಯ ಆಸಿಲೋಸ್ಕೋಪು, ಸದಸ್ಯರು ಕೈಯಿಂದ ಹಾಕಿದ ದುಡ್ಡು. ಇಷ್ಟಿದ್ದರೆ ಅದು ನಡೆಯುತ್ತದೆ. ಬರ್ಲಿನ್ನಿನ ಸಿ-ಬೇಸ್ (1995), ವಿಯೆನ್ನಾದ ಮೆಟಾಲ್ಯಾಬ್ (2006), ಸ್ಯಾನ್ ಫ್ರಾನ್ಸಿಸ್ಕೊದ ನಾಯ್ಸ್‌ಬ್ರಿಡ್ಜ್ (2007) ಈ ಬಗೆಯ ಹೆಸರಾಂತ ತಾಣಗಳು. ಬೆಂಗಳೂರಿನಲ್ಲೂ ಇಂಥ ಪ್ರಯತ್ನಗಳು ಬಂದಿವೆ, ಕೆಲವು ಮುಚ್ಚಿಯೂ ಇವೆ. ಇವುಗಳ ಬಗ್ಗೆ ಒಂದು ನಂಬಿಕೆ ಮಾತ್ರ ಯಾರೂ ಪ್ರಶ್ನಿಸದೆ ಚಾಲ್ತಿಯಲ್ಲಿದೆ. ವಾರಾಂತ್ಯದ ಕಾರ್ಯಾಗಾರದಲ್ಲಿ ಜನ ಎಲೆಕ್ಟ್ರಾನಿಕ್ಸ್ ಕಲಿಯುತ್ತಾರೆ. ಪಕ್ಕದ ದುರಸ್ತಿ ಮೇಜು ಪರಿಸರಕ್ಕಾಗಿ ಮಾಡುವ ಸೇವೆ. ಇದು ತಲೆಕೆಳಗಾದ ಮಾತು ಎಂಬುದು ನನ್ನ ವಾದ. ಕಲಿಕೆ ನಡೆಯುವುದು ದುರಸ್ತಿ ಮೇಜಿನಲ್ಲಿ. ಕಾರ್ಯಾಗಾರದಲ್ಲಿ ನಡೆಯುವುದು ಬಹುಪಾಲು ಸಮಾರಂಭ.

ಕಾರ್ಯಾಗಾರದ ಕ್ರಮ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಕೈಗೊಂದು ಪೊಟ್ಟಣ, ಅಂದರೆ ಕಿಟ್, ಕೊಡುತ್ತಾರೆ. ಅದರಲ್ಲಿ ಒಂದು 555 ಐಸಿ, ಎರಡು ಎಲ್‌ಇಡಿ, ಮೂರ್ನಾಲ್ಕು ರೆಸಿಸ್ಟರ್, ಒಂದು ಕೆಪಾಸಿಟರ್, 9 ವೋಲ್ಟ್ ಬ್ಯಾಟರಿಯ ಕ್ಲಿಪ್ಪು. ಯಾವುದು ಎಲ್ಲಿ ಕೂರಬೇಕು ಎಂದು ಬೋರ್ಡಿನ ಮೇಲೇ ಅಚ್ಚಾಗಿರುತ್ತದೆ. ಕೂರಿಸಿ ಬೆಸುಗೆ ಹಾಕಿದರೆ ದೀಪ ಮಿನುಗುತ್ತದೆ, ಚಪ್ಪಾಳೆ, ಗುಂಪು ಫೋಟೊ. ಆಮೇಲೆ ಯಾರನ್ನಾದರೂ ನಿಲ್ಲಿಸಿ, ‘ಈ ಕೆಪಾಸಿಟರಿನ ಜಾಗಕ್ಕೆ ಇದಕ್ಕಿಂತ ದೊಡ್ಡದು ಹಾಕಿದರೆ ದೀಪ ಬೇಗ ಮಿನುಗುತ್ತದೋ ನಿಧಾನವೋ’ ಎಂದು ಕೇಳಿ ನೋಡಿ. ಮುಖ ಮುಖ ನೋಡಿಕೊಳ್ಳುತ್ತಾರೆ. ಹ್ಯಾನ್ಸ್ ಕ್ಯಾಮೆನ್‌ಜಿಂಡ್ 1971ರಲ್ಲಿ ಸಿಗ್ನೆಟಿಕ್ಸ್ ಕಂಪನಿಗಾಗಿ ವಿನ್ಯಾಸ ಮಾಡಿದ ಆ ಐಸಿಯ ಚೆಲುವೆಲ್ಲ ಇರುವುದು, ಕೆಪಾಸಿಟರನ್ನು ಪೂರೈಕೆ ವೋಲ್ಟೇಜಿನ ಮೂರನೇ ಒಂದು ಭಾಗಕ್ಕೂ ಮೂರನೇ ಎರಡು ಭಾಗಕ್ಕೂ ನಡುವೆ ತುಂಬಿಸಿ ಇಳಿಸಿ ಕಾಲ ಅಳೆಯುವುದರಲ್ಲಿ. ದೊಡ್ಡ ಕೆಪಾಸಿಟರ್ ತುಂಬಲು ಹೆಚ್ಚು ಹೊತ್ತು ಬೇಕು, ಮಿನುಗು ನಿಧಾನವಾಗುತ್ತದೆ. ಇದಾವುದೂ ತಿಳಿಯದೆಯೂ ಕಿಟ್ ಮುಗಿಯುತ್ತದೆ. ಯಾರೂ ಸೋಲಬಾರದೆಂದೇ ಮಾಡಿದ ವಸ್ತು ಅದು. ರವೆ ಇಡ್ಲಿಯ ಪ್ಯಾಕೆಟ್ಟು ಒಡೆದು ಮೊಸರು ಕಲಸಿದವರಿಗೆ ಇಡ್ಲಿ ಸಿಗುತ್ತದೆ. ಅಡುಗೆ ಬಂತು ಎಂದು ಪ್ರಮಾಣಪತ್ರ ಕೊಡುವುದು ಮಾತ್ರ ಹೆಚ್ಚಾಯಿತು.

ಕಿಟ್ಟಿಗೆ ಸಲ್ಲಬೇಕಾದ್ದು ಸಲ್ಲಲಿ. ನಾಯ್ಸ್‌ಬ್ರಿಡ್ಜಿನ ಸ್ಥಾಪಕರಲ್ಲೊಬ್ಬರಾದ ಮಿಚ್ ಆಲ್ಟ್‌ಮನ್ ಊರೂರು ಸುತ್ತಿ ಮಕ್ಕಳಿಗೂ ಮುದುಕರಿಗೂ ಬೆಸುಗೆ ಕಲಿಸಿದವರು. ಕಂಡ ಕಂಡ ಟಿ.ವಿ.ಗಳ ಬಾಯಿ ಮುಚ್ಚಿಸುವ ಅವರ ಕೀಚೈನ್ ರಿಮೋಟು ‘ಟಿವಿ-ಬಿ-ಗಾನ್’ ಕಿಟ್ ರೂಪದಲ್ಲೂ ಸಿಗುತ್ತಿತ್ತು. (ನಮ್ಮ ಆಸ್ಪತ್ರೆಗಳ ಕಾಯುವ ಕೋಣೆಗಳಲ್ಲಿ ಅದರ ಅಗತ್ಯ ನನಗೆ ಆಗಾಗ ಕಂಡಿದೆ.) ಕಾದ ಐರನ್ನಿನ ಭಯ ಬಿಡಿಸುವುದು ಸಣ್ಣ ಕೆಲಸವಲ್ಲ. ಐರನ್ನಿನ ತುದಿಯನ್ನು ತಂತಿಗೂ ಪ್ಯಾಡಿಗೂ ಒಟ್ಟಿಗೆ ತಾಗಿಸಬೇಕು, ಸೋಲ್ಡರು ತಾನಾಗಿ ಹರಿಯಬೇಕು, ಬೂದುಬಣ್ಣದ ಉಂಡೆ ಕಂಡರೆ ಅದು ಡ್ರೈ ಸೋಲ್ಡರ್: ಇದೆಲ್ಲ ಕೈಗೆ ಬರಬೇಕಾದ ವಿದ್ಯೆ. ಆದರೆ ಅದು ಒಂದು ಸಂಜೆಯ ಪಾಠ. ತಿಂಗಳುಗಟ್ಟಲೆ ಬಂದವರೂ ಮಿನುಗುವ ದೀಪದಿಂದ ಮಿನುಗುವ ಹೃದಯಕ್ಕೆ, ಅಲ್ಲಿಂದ ಮಿನುಗುವ ಕ್ರಿಸ್‌ಮಸ್ ಮರಕ್ಕೆ ಹೋಗುತ್ತಿದ್ದರೆ ತಪ್ಪು ಅವರದಲ್ಲ, ಪಠ್ಯದ್ದು.

ಈಗ ಕೆಟ್ಟುಹೋದ ಒಂದು 9 ವಾಟಿನ ಎಲ್‌ಇಡಿ ಬಲ್ಬು ತೆಗೆದುಕೊಳ್ಳಿ. ಬಿಳಿ ಟೋಪಿಯನ್ನು ತಿರುಗಿಸಿ ಎಬ್ಬಿಸಿದರೆ ಅಲ್ಯುಮಿನಿಯಂ ತಟ್ಟೆಯ ಮೇಲೆ ಹಳದಿ ಚುಕ್ಕೆಗಳ ಸಾಲು. ಒಂದರಲ್ಲಿ ಕಪ್ಪು ಕಲೆ. ಎಲ್ಲವೂ ಸರಣಿಯಲ್ಲಿವೆ, ಹಾಗಾಗಿ ಒಂದು ಸುಟ್ಟರೆ ಎಲ್ಲವೂ ಆರುತ್ತವೆ. ಏಕೆ ಸುಟ್ಟಿತು? ಕಡಿಮೆ ಚುಕ್ಕೆಗಳಲ್ಲಿ ಹೆಚ್ಚು ಬೆಳಕು ತೆಗೆಯಲು ಹೆಚ್ಚು ಕರೆಂಟು ಹರಿಸಿದ್ದಾರೆ, ಕಾವು ಏರಿದೆ. ಚುಕ್ಕೆ ಕಡಿಮೆಯಾದಷ್ಟೂ ತಯಾರಕನಿಗೆ ಉಳಿತಾಯ. ಕೆಳಗಿನ ಡ್ರೈವರ್ ಬೋರ್ಡಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರೂ ಅದೇ ಕಾವಿಗೆ ಒಣಗುತ್ತದೆ. ಹತ್ತು ಡಿಗ್ರಿ ಬಿಸಿ ಏರಿದರೆ ಅದರ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕ್ಷೇತ್ರದ ಒಪ್ಪಿತ ಲೆಕ್ಕ. ಇದರ ತಿರುವುಮುರುವೂ ಜಗತ್ತಿನಲ್ಲಿದೆ. ಫಿಲಿಪ್ಸ್ ಕಂಪನಿ 2016ರಲ್ಲಿ ದುಬೈ ನಗರಕ್ಕೆಂದು ತಂದ ಬಲ್ಬಿನಲ್ಲಿ ಎಲ್‌ಇಡಿ ಹೆಚ್ಚು, ಪ್ರತಿಯೊಂದಕ್ಕೂ ಕರೆಂಟು ಕಡಿಮೆ. ಆದ್ದರಿಂದ ಬಾಳಿಕೆಯೂ ಹೆಚ್ಚು. ಸುಟ್ಟ ಚುಕ್ಕೆಯ ಎರಡು ತುದಿಗೆ ಬೆಸುಗೆಯ ಸೇತುವೆ ಹಾಕಿದರೆ ನಿಮ್ಮ ಬಲ್ಬು ಮತ್ತೆ ಹತ್ತುತ್ತದೆ, ಆದರೆ ಕಾವಿನ ಕಾರಣ ಹಾಗೇ ಉಳಿದಿರುವುದರಿಂದ ಸ್ವಲ್ಪ ದಿನಕ್ಕೆ ಇನ್ನೊಂದು ಚುಕ್ಕೆ ಸುಡುತ್ತದೆ. ಸರಣಿ ಸರ್ಕ್ಯೂಟು, ಶಾಖ, ಮಾರುಕಟ್ಟೆಯ ಜಿಪುಣತನ, ಎಲ್ಲವೂ ಕಸದ ಬುಟ್ಟಿಗೆ ಹೋಗಬೇಕಿದ್ದ ಒಂದು ಬಲ್ಬಿನಲ್ಲಿ.

ಸೀಲಿಂಗ್ ಫ್ಯಾನು ನಿಧಾನವಾದರೆ ಮನೆಮಂದಿ ಮೊದಲು ಬೈಯುವುದು ರೆಗ್ಯುಲೇಟರನ್ನು. ಮೀಟರು ಹಿಡಿದರೆ 2.5 ಮೈಕ್ರೊಫ್ಯಾರಡ್ ಇರಬೇಕಿದ್ದ ಕಂಡೆನ್ಸರು ಅದರ ಅರ್ಧಕ್ಕೋ ಮುಕ್ಕಾಲಿಗೋ ಇಳಿದಿರುತ್ತದೆ. ಸಿಂಗಲ್ ಫೇಸಿನಲ್ಲಿ ಮೋಟಾರು ತಿರುಗಲು ಎರಡನೇ ಸುರುಳಿಯ ಕರೆಂಟು ಮೊದಲನೆಯದಕ್ಕಿಂತ ಹಿಂದುಮುಂದಾಗಿ ಹರಿಯಬೇಕು. ಅದನ್ನು ಮಾಡುವುದು ಈ ಕಂಡೆನ್ಸರು. ಪರೀಕ್ಷೆಯಲ್ಲಿ ಇದರ ಚಿತ್ರ ಬರೆದು ಪೂರ್ತಿ ಅಂಕ ಪಡೆದ ಎಂಜಿನಿಯರಿಂಗ್ ಹುಡುಗರು ದುರಸ್ತಿ ಮೇಜಿನಲ್ಲಿ ಅದನ್ನು ಮೊದಲ ಸಲ ಕೈಯಲ್ಲಿ ಹಿಡಿಯುತ್ತಾರೆ. ಕಿಟ್ಟಿಗೂ ಕೆಟ್ಟ ವಸ್ತುವಿಗೂ ಇರುವ ವ್ಯತ್ಯಾಸ ಇಷ್ಟೇ: ಕಿಟ್ಟಿನಲ್ಲಿ ಉತ್ತರ ಮೊದಲೇ ಅಚ್ಚಾಗಿದೆ, ಕೆಟ್ಟ ವಸ್ತುವಿನಲ್ಲಿ ಪ್ರಶ್ನೆ ಕೂಡ ನೀವೇ ಕಂಡುಕೊಳ್ಳಬೇಕು. ಅನುಮಾನಿಸಬೇಕು, ಅಳೆಯಬೇಕು, ಅಲ್ಲ ಎಂದಾದರೆ ಮುಂದಕ್ಕೆ ಹೋಗಬೇಕು.

ಹಾಗಿದ್ದರೆ ಅಂಗಡಿಗೇ ಕೊಡಬಹುದಲ್ಲ ಎನ್ನುವವರಿದ್ದಾರೆ. ಅಂಗಡಿಯವನಿಗೆ ವಿದ್ಯೆ ಇದೆ, ಹೊತ್ತಿಲ್ಲ. ಇಪ್ಪತ್ತು ರೂಪಾಯಿಯ ಬಿಡಿಭಾಗ ಹುಡುಕಲು ಅರ್ಧ ದಿನ ಕೂತರೆ ಅವನ ಬಾಡಿಗೆ ಹುಟ್ಟುವುದಿಲ್ಲ; ಅದಕ್ಕೇ ‘ಬೋರ್ಡು ಹೋಗಿದೆ ಸಾರ್, ಹೊಸದು ಹಾಕಿಬಿಡಿ’ ಎನ್ನುತ್ತಾನೆ. ಹ್ಯಾಕರ್‌ಸ್ಪೇಸಿನಲ್ಲಿ ಹೊತ್ತಿದೆ, ವಿದ್ಯೆ ಸಾಲದು. ಎರಡನ್ನೂ ಕೂಡಿಸುವ ಬುದ್ಧಿ ನಮ್ಮ ಸಂಘಟಕರಿಗೆ ಏಕೆ ಬರುವುದಿಲ್ಲವೋ ಕಾಣೆ. ನಾನು ನೋಡಿದ ಕಾರ್ಯಾಗಾರಗಳಲ್ಲಿ ಭಾಷಣಕ್ಕೆ ಸ್ಟಾರ್ಟಪ್ಪಿನವರು ಬರುತ್ತಾರೆ, ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಸಾದರ ಪತ್ರಪ್ಪ ರಸ್ತೆಯ ಒಬ್ಬ ಮೆಕ್ಯಾನಿಕ್ಕನ್ನೂ ಅಲ್ಲಿ ಮೇಷ್ಟ್ರಾಗಿ ಕಂಡಿಲ್ಲ. ನಮ್ಮ ದುರಸ್ತಿಗಾರರ ಸೀರೀಸ್ ಬೋರ್ಡನ್ನೇ ನೋಡಿ: ಹಳೆಯ 100 ವಾಟಿನ ಬುರುಡೆ ಬಲ್ಬು, ಅದರ ಸರಣಿಯಲ್ಲಿ ಒಂದು ಸಾಕೆಟ್ಟು. ಅನುಮಾನದ ಯಂತ್ರವನ್ನು ಅದಕ್ಕೆ ಸಿಕ್ಕಿಸಿದಾಗ ಬಲ್ಬು ಪೂರ್ತಿ ಉರಿದರೆ ಒಳಗೆ ಶಾರ್ಟು, ಮಿಂಚಿ ಮಂಕಾದರೆ ಪವರ್ ಸಪ್ಲೈ ಕೆಪಾಸಿಟರು ತುಂಬಿಕೊಂಡಿತು ಎಂದರ್ಥ. ಫ್ಯೂಸು ಹಾರುವುದಿಲ್ಲ, ಇನ್ನೊಂದು ಭಾಗ ಸುಡುವುದಿಲ್ಲ. ಆಸಿಲೋಸ್ಕೋಪಿಗೆ ಚಂದಾ ಎತ್ತುವ ಜಾಗಗಳಲ್ಲಿ ಈ ಬಲ್ಬು ಇರುವುದಿಲ್ಲ.

ಅಪಾಯದ ಮಾತು ನಿಜ, ಅದನ್ನು ಹಗುರ ಮಾಡುವುದಿಲ್ಲ. ಮನೆಯ 230 ವೋಲ್ಟ್ ಪವರ್ ಸಪ್ಲೈಯೊಳಗೆ ಡಿಸಿಯಾದಾಗ ಸುಮಾರು 325 ವೋಲ್ಟ್. ಪ್ಲಗ್ಗು ಕಿತ್ತ ಮೇಲೂ ಅದು ಕೆಪಾಸಿಟರಿನಲ್ಲಿ ಕೂತಿರಬಹುದು. ಮೈಕ್ರೊವೇವ್ ಒಲೆಯನ್ನಂತೂ ಹೊಸಬರು ಬಿಚ್ಚಲೇಬಾರದು. ಬ್ಯಾಟರಿಯ ಆಟಿಕೆ, ರೇಡಿಯೊಗಳಿಂದ ಶುರುಮಾಡಿ, ಮೇನ್ಸ್ ಕರೆಂಟಿನ ಕೆಲಸವನ್ನು ಬಲ್ಲವರ ಪಕ್ಕದಲ್ಲಿ ಮಾತ್ರ ಮಾಡುವ ನಿಯಮ ಇರಲಿ. ಆದರೆ ಅಪಾಯವನ್ನು ಕಲಿಯಲು ಕೂಡ ಬೇರೆ ಜಾಗವಿಲ್ಲ.

ದುರಸ್ತಿಯ ಪಕ್ಷದವರ ಒಂದು ವಾದವನ್ನೂ ನಾನು ಒಪ್ಪುವುದಿಲ್ಲ. ಮಾರ್ಟಿನೆ ಪೋಸ್ತ್ಮಾ 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ, ಜನ ಕೆಟ್ಟ ವಸ್ತು ತಂದು ಸ್ವಯಂಸೇವಕರ ಜೊತೆ ಕೂತು ಸರಿಮಾಡಿಕೊಳ್ಳುವ ಮೊದಲ ರಿಪೇರ್ ಕೆಫೆ ನಡೆಸಿದ ಮೇಲೆ, 2015ರಲ್ಲಿ ಬೆಂಗಳೂರಿಗೂ ಅದು ಬಂದ ಮೇಲೆ, ಇಷ್ಟು ಕಿಲೊ ಇ-ತ್ಯಾಜ್ಯ ತಪ್ಪಿಸಿದೆವು ಎಂದು ಲೆಕ್ಕ ಕೊಡುವ ರೂಢಿ ಬೆಳೆದಿದೆ. 2022ರಲ್ಲಿ ಜಗತ್ತು ಹೊರಹಾಕಿದ ಇ-ತ್ಯಾಜ್ಯ 620 ಲಕ್ಷ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ 22.3 ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಅದರೆದುರು ಶನಿವಾರ ಸರಿಹೋದ ಆರು ಮಿಕ್ಸಿಗಳ ತೂಕ ಹೇಳಿಕೊಳ್ಳುವುದು ಆತ್ಮವಂಚನೆ. ಲಂಡನ್ನಿನ ರೀಸ್ಟಾರ್ಟ್ ಪ್ರಾಜೆಕ್ಟ್ ಇನ್ನೂ ಬುದ್ಧಿವಂತ ಕೆಲಸ ಮಾಡುತ್ತಿದೆ: ಸರಿಹೋಗದ ವಸ್ತು ಏಕೆ ಸರಿಹೋಗಲಿಲ್ಲ ಎಂದೂ ಬರೆದಿಡುತ್ತದೆ. ಬಿಡಿಭಾಗ ಸಿಗಲಿಲ್ಲವೋ, ಅಂಟು ಹಾಕಿ ಮುಚ್ಚಿದ್ದರೋ, ಭಾಗದ ಬೆಲೆ ಹೊಸ ವಸ್ತುವಿನಷ್ಟೇ ಇತ್ತೋ. ದುರಸ್ತಿಯ ಹಕ್ಕಿನ ಹೋರಾಟಕ್ಕೆ ಬೇಕಾದ ಸಾಕ್ಷ್ಯ ಅದು. ಫ್ರಾನ್ಸ್ 2021ರಿಂದ ಕೆಲವು ಸಾಧನಗಳ ಮೇಲೆ ದುರಸ್ತಿಯ ಅಂಕ ಮುದ್ರಿಸಲು ಹೇಳಿದೆ. ನಮ್ಮ ಗ್ರಾಹಕ ವ್ಯವಹಾರ ಇಲಾಖೆ 2022ರ ಕೊನೆಗೆ ದುರಸ್ತಿಯ ಹಕ್ಕಿಗೆಂದೇ ಒಂದು ಜಾಲತಾಣ ತೆರೆದಿದೆ. ಕಂಪನಿಗಳು ನಾಳೆ ಸರ್ವಿಸ್ ಮ್ಯಾನ್ಯುಯಲ್ ಕೊಟ್ಟರೂ ಓದಬಲ್ಲವರು ಬೇಕು, ಅವರು ಮಿನುಗುವ ದೀಪದಿಂದ ಹುಟ್ಟುವುದಿಲ್ಲ.

ಈ ಜಗಳ ಹವ್ಯಾಸಿಗಳ ಮನೆಯೊಳಗಿನದು ಎಂದು ತಳ್ಳಿಹಾಕುವಂತಿಲ್ಲ. ನೀತಿ ಆಯೋಗ 2016ರಲ್ಲಿ ಶುರುಮಾಡಿದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಹತ್ತು ಸಾವಿರ ಶಾಲೆಗಳಲ್ಲಿವೆ, ಒಂದೊಂದಕ್ಕೂ 20 ಲಕ್ಷದವರೆಗೆ ಅನುದಾನ. ಇನ್ನೂ ಐವತ್ತು ಸಾವಿರ ಬರುತ್ತವೆಂದು 2025ರ ಬಜೆಟ್ ಹೇಳಿದೆ. ಆ ದುಡ್ಡೂ ಪೊಟ್ಟಣಗಳಿಗೇ ಹೋಗಬಾರದು. ಶಾಲೆಯವರೂ ಹ್ಯಾಕರ್‌ಸ್ಪೇಸಿನವರೂ ಮುಂದಿನ ಕಾರ್ಯಾಗಾರದ ಪ್ರಕಟಣೆಯಲ್ಲಿ, ಮನೆಯಲ್ಲಿ ಕೆಟ್ಟು ಬಿದ್ದಿರುವ ಒಂದು ವಸ್ತು ತರಲು ಹೇಳಲಿ. ಕಿಟ್ಟಿಗೆ ಇಟ್ಟ ಹಣದಲ್ಲಿ ತಮ್ಮೂರಿನ ರಿಪೇರಿ ಅಂಗಡಿಯ ಮೆಕ್ಯಾನಿಕ್ಕಿಗೆ ಭಾಷಣಕಾರರಿಗೆ ಕೊಡುವಷ್ಟೇ ಸಂಭಾವನೆ ಕೊಟ್ಟು, ಮೇಜಿನ ತುದಿಯಲ್ಲಿ ಕುರ್ಚಿ ಹಾಕಿ ಕೂರಿಸಲಿ, ಕನ್ನಡದಲ್ಲೇ ಕಲಿಸಲು ಬಿಡಲಿ.